ಸಂಜೆ ಏಳು ಗಂಟೆಯ ಕ್ಯಾಂಪಸ್ಸನ್ನೂ ತೋರಿಸಿ

ಪಿಯುಸಿ, ಡಿಗ್ರಿ ಫಲಿತಾಂಶ ಬಂದರೆ ಬೆಂಗಳೂರಿನ ತಿಲಕ್ ನಗರದ ನಮ್ಮ ಮನೆಯ ಜಗುಲಿ ತುಂಬಿಬಿಡುತ್ತದೆ. ನಾನು ನಿವೃತ್ತ ಮೇಷ್ಟ್ರು. ಸರ್ಕಾರದ ಜಾಲತಾಣಗಳಾದ ಯುಯುಸಿಎಂಎಸ್‌ನಲ್ಲಿ ಪ್ರವೇಶದ ಅರ್ಜಿ, ಎಸ್‌ಎಸ್‌ಪಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿ ತುಂಬಿಕೊಡುತ್ತೇನೆ. ಆದರೆ "ಸಾರ್, ಅಲ್ಲಿ ಒಳಗೆ ಹೆಂಗಿರತ್ತೆ?" ಎಂದು ಕೇಳಿದರೆ ತೋರಿಸಲು ನನ್ನ ಬಳಿ ಏನೂ ಇಲ್ಲ.

ಹೋದ ವರ್ಷ ಹೂ ಮಾರುವ ತಾಯಿಯೊಬ್ಬರು ಎಂ.ಎಸ್ಸಿ ಓದುವಾಸೆಯ ಮಗಳ ಜೊತೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ನೋಡಲು ಹೊರಟರು. ಜಯನಗರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಜ್ಞಾನಭಾರತಿ ನಿಲ್ದಾಣದಲ್ಲಿ ಇಳಿದರು. ಆವರಣ 1,000 ಎಕರೆಗೂ ದೊಡ್ಡದು. ಯಾವ ಕಟ್ಟಡ ಯಾವ ವಿಭಾಗದ್ದು ಎಂದು ಕೇಳಲು ಇಬ್ಬರಿಗೂ ಸಂಕೋಚ. ಬಿಸಿಲಲ್ಲಿ ಸುತ್ತಿ ಮರಳಿದರು. ಆ ದಿನದ ವ್ಯಾಪಾರವೂ ಹೋಯಿತು.

ಮನೆಯಲ್ಲೇ ಕೂತು ಫೋನಿನಲ್ಲಿ ಕ್ಯಾಂಪಸ್ ಸುತ್ತುವ ವ್ಯವಸ್ಥೆ, ಜೊತೆಗೆ ಮಾತಾಡುವ ಎಐ ಮಾರ್ಗದರ್ಶಿ ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಬೇಕೇಬೇಕು ಎಂದು ನಾನು ಹೇಳುವುದು ಇಂಥವರಿಗಾಗಿ. ಖಾಸಗಿ ಕಾಲೇಜೊಂದರ ಇಂಥ ಪ್ರವಾಸವನ್ನು ಅದೇ ಹುಡುಗಿಗೆ ತೋರಿಸಿದೆ. ಪರದೆಯ ಮೇಲಿನ ಗೈಡ್ ಈಜುಕೊಳ, ಸಭಾಂಗಣ ತೋರಿಸುತ್ತಾ ಇಂಗ್ಲಿಷಿನಲ್ಲಿ ಮಾತಾಡಿತು. "ಹಾಸ್ಟೆಲ್ ಫೀಸು ಕಂತಲ್ಲಿ ಕಟ್ಟಬಹುದಾ?" ಎಂದು ಇವಳು ಮೂರು ಸಲ ಕನ್ನಡದಲ್ಲಿ ಕೇಳಿದಳು. ಮತ್ತೆ ಈಜುಕೊಳವೇ ಬಂತು.

ಭಾಷೆಯ ನೆಪ ಈಗ ನಡೆಯದು. ಕೇಂದ್ರ ಸರ್ಕಾರದ ಭಾಷಾ ಅನುವಾದ ವೇದಿಕೆ 'ಭಾಷಿಣಿ'ಯಲ್ಲಿ ಕನ್ನಡವಿದೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯೇ ಗೂಗಲ್ ಜೊತೆ 'ವಾಣಿ' ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರ ಮಾತು ಧ್ವನಿಮುದ್ರಿಸಿದೆ. ನಮ್ಮ ಬೀದಿಯಲ್ಲಿ ಉರ್ದು, ತಮಿಳು ಮನೆಮಾತಿನ ಮಕ್ಕಳೂ ಇದ್ದಾರೆ. ಅವರಿಗೂ ಅರ್ಥವಾಗುವ ಹಾಗೆ ಗೈಡ್ ಮಾತಾಡಲಿ. ದೊಡ್ಡ ವಿಆರ್ ಕನ್ನಡಕ ಹಾಕಿಕೊಂಡು ನೋಡುವಂಥದ್ದು ಆಮೇಲೆ ಬರಲಿ, ಮೊದಲು ಅಗ್ಗದ ಫೋನಿನಲ್ಲಿ ತಡವರಿಸದೆ ಓಡಲಿ.

ನನಗಿರುವ ಭಯ ಒಂದೇ. ಗೊತ್ತಿಲ್ಲದ್ದನ್ನೂ ಗೊತ್ತಿರುವಷ್ಟೇ ಧೈರ್ಯವಾಗಿ ಹೇಳುವುದು ಎಐಗೆ ಅಂಟಿದ ದೋಷ. ಕೊನೆಯ ದಿನಾಂಕ ತಪ್ಪು ಹೇಳಿದರೆ ಹುಡುಗಿಯ ಒಂದು ವರ್ಷ ಹೋಗುತ್ತದೆ. ವಿಶ್ವವಿದ್ಯಾಲಯದ ಸುತ್ತೋಲೆಯಲ್ಲಿ ಇದ್ದದ್ದನ್ನಷ್ಟೇ, ಅದರ ತಾರೀಖಿನ ಸಮೇತ ಹೇಳಬೇಕು. ಇಲ್ಲದ್ದಕ್ಕೆ ಕಚೇರಿಯ ಫೋನ್ ನಂಬರು ಕೊಡಲಿ, ಆ ಕಡೆ ಫೋನ್ ಎತ್ತುವವರೂ ಇರಲಿ.

ಆ ತಾಯಿ ಅವತ್ತು ನನ್ನನ್ನು ಕೇಳಿದ್ದು ಒಂದೇ: "ಸಂಜೆ ಲ್ಯಾಬ್ ಬಿಟ್ಟ ಮೇಲೆ ದಾರೀಲಿ ಲೈಟ್ ಇರತ್ತಾ ಸಾರ್?" ಇಂಥ ಪ್ರವಾಸಗಳನ್ನು ಹೆಚ್ಚಾಗಿ ಹಗಲಿನ ಬೆಳಕಿನಲ್ಲೇ ಚಿತ್ರೀಕರಿಸುತ್ತಾರೆ. ನಮ್ಮ ವಿಶ್ವವಿದ್ಯಾಲಯಗಳು ಕ್ಯಾಮೆರಾ ಹಿಡಿದಾಗ ಒಂದು ನಡಿಗೆಯನ್ನು ಸಂಜೆ ಏಳಕ್ಕೆ ತೆಗೆಯಲಿ, ಲ್ಯಾಬಿನ ಬಾಗಿಲಿನಿಂದ ಬಸ್ ನಿಲ್ದಾಣದವರೆಗೆ.