ಹಂಚಿದ ವಿದ್ಯೆಗೆ ಒಡೆಯರು ಯಾರು?

ದಾನಗಳಲ್ಲಿ ವಿದ್ಯಾದಾನವನ್ನು ನಮ್ಮ ಹಿರಿಯರು ಮೇಲಾದುದೆಂದು ಎಣಿಸಿದರು. ಭೂಮಿಯನ್ನು ಕೊಟ್ಟವನಿಗೆ ಭೂಮಿ ಉಳಿಯದು. ಗೋವನ್ನು ಕೊಟ್ಟವನ ಕೊಟ್ಟಿಗೆ ಬರಿದಾಗುತ್ತದೆ. ವಿದ್ಯೆಯಾದರೋ ಕೊಟ್ಟವನಲ್ಲಿಯೂ ಉಳಿದು ಕೊಂಡವನಲ್ಲಿಯೂ ಬೆಳೆಯುತ್ತದೆ. ಆದರೆ ಹೀಗೆ ಹಂಚಿದ ವಿದ್ಯೆಯ ಸುತ್ತ ಒಂದು ಹೆಸರು ಬೆಳೆದು, ಆ ಹೆಸರಿಗೆ ಪೇಟೆಯಲ್ಲಿ ಬೆಲೆ ಬಂದು, ಒಂದು ದಿನ ಸಿರಿವಂತನೊಬ್ಬನು ಅದನ್ನು ಕೊಂಡುಕೊಂಡರೆ, ಹಂಚಿದ ವಿದ್ಯೆಯ ಗತಿಯೇನು? ಈ ಪ್ರಶ್ನೆ ಈಗ ಬರಿಯ ತರ್ಕದ ಪ್ರಶ್ನೆಯಾಗಿ ಉಳಿದಿಲ್ಲ. ೨೦೨೫ರ ಅಕ್ಟೋಬರ್ ೭ರಂದು ಅಮೆರಿಕದ ಕ್ವಾಲ್‌ಕಾಮ್ ಕಂಪನಿಯು ಇಟಲಿಯಲ್ಲಿ ಹುಟ್ಟಿದ ಆರ್ಡುಯಿನೊ ಸಂಸ್ಥೆಯನ್ನು ಕೊಂಡುಕೊಳ್ಳುವ ಒಪ್ಪಂದ ಮಾಡಿಕೊಂಡಿರುವುದಾಗಿ ಸಾರಿತು. ಜಗತ್ತಿನ ಹವ್ಯಾಸಿಗಳೂ ಅಧ್ಯಾಪಕರೂ ಅಂದಿನಿಂದ ಇದೇ ಪ್ರಶ್ನೆಯನ್ನು ಕೇಳಿಕೊಳ್ಳುತ್ತಿದ್ದಾರೆ.

ಸಾಹಿತ್ಯಕ್ಕೆ ಮೀಸಲಾದ ಪುಟದಲ್ಲಿ ಚಿಪ್ಪು, ಸರ್ಕ್ಯೂಟುಗಳ ಮಾತೇಕೆ ಎಂದು ವಾಚಕರು ಕೇಳಬಹುದು. ಕನ್ನಡ ಕಲಿಸುವುದನ್ನೇ ವೃತ್ತಿಯಾಗಿ ಉಳ್ಳ ನಾನು ಯಂತ್ರಶಾಸ್ತ್ರದಲ್ಲಿ ಪರಿಣತಿಯನ್ನು ಹೇಳಿಕೊಳ್ಳಲಾರೆ. ಆದರೆ ಇಲ್ಲಿನ ಮೂಲಪ್ರಶ್ನೆ ಯಂತ್ರದ್ದಲ್ಲ. ಪ್ರತಿ, ಪಾಠ, ಹೆಸರು, ಒಡೆತನ ಇವುಗಳದು. ಹಸ್ತಪ್ರತಿಗಳ ಚರಿತ್ರೆಯನ್ನು ಓದಿದವರಿಗೆ ಇವು ಅಪರಿಚಿತ ಮಾತುಗಳಲ್ಲ.

ಆರ್ಡುಯಿನೊ ಎಂಬುದು ಅಂಗೈಯಗಲದ ಒಂದು ವಿದ್ಯುನ್ಮಾನ ಹಲಗೆ. ಅದರ ಜೊತೆಗೆ ಅದಕ್ಕೆ ಆಜ್ಞೆಗಳನ್ನು ಬರೆದು ತುಂಬುವ ಒಂದು ತಂತ್ರಾಂಶ. ನೆಲದ ತೇವವನ್ನು ಅಳೆದು, ಒಣಗಿದ್ದರೆ ಪಂಪನ್ನು ಓಡಿಸು ಎಂದು ನಾಲ್ಕಾರು ಸಾಲುಗಳಲ್ಲಿ ಬರೆದುಕೊಟ್ಟರೆ ಅದು ಹಾಗೆಯೇ ಮಾಡುತ್ತದೆ. ಇವುಗಳಲ್ಲಿ ಬಹಳ ಪ್ರಸಿದ್ಧವಾದ 'ಉನೊ' ಹಲಗೆ ೨೦೧೦ರಲ್ಲಿ ಬಂದಿತು. ಇಟಲಿಯ ಭಾಷೆಯಲ್ಲಿ ಆ ಮಾತಿಗೆ 'ಒಂದು' ಎಂದರ್ಥ. ಅದರಲ್ಲಿ ಆಜ್ಞೆಗಳನ್ನು ಕೂಡಿಡಲು ಇರುವ ಸ್ಮರಣೆ ೩೨ ಕಿಲೋಬೈಟು ಮಾತ್ರ. ಈ ಲೇಖನವನ್ನು ಕನ್ನಡ ಲಿಪಿಯಲ್ಲಿ ತುಂಬಿದರೆ ಅಷ್ಟೂ ಜಾಗ ಬಹುಮಟ್ಟಿಗೆ ಮುಗಿದುಹೋಗುತ್ತದೆ. ಇಷ್ಟು ಅಲ್ಪವಾದ ವಸ್ತುವಿಗೆ ಇಷ್ಟು ದೊಡ್ಡ ಕೀರ್ತಿ ಬಂದುದು ಅದರ ಶಕ್ತಿಯಿಂದಲ್ಲ, ಅದರ ಔದಾರ್ಯದಿಂದ. ಹಲಗೆಯ ನಕ್ಷೆಯನ್ನು ಯಾರು ಬೇಕಾದರೂ ನೋಡಬಹುದು, ನಕಲು ಮಾಡಬಹುದು, ತಿದ್ದಿ ಬೇರೊಂದನ್ನು ಮಾಡಿ ಮಾರಲೂಬಹುದು. ಮೂಲವನ್ನು ಸ್ಮರಿಸಬೇಕು, ತಿದ್ದಿದ್ದನ್ನು ಅದೇ ಷರತ್ತಿನಲ್ಲಿ ಇತರರಿಗೂ ಬಿಟ್ಟುಕೊಡಬೇಕು, ಇಷ್ಟೆ.

ಈ ಔದಾರ್ಯದ ಹುಟ್ಟು ಗಮನಾರ್ಹವಾದುದು. ಒಲಿವೆಟ್ಟಿ ಬೆರಳಚ್ಚು ಯಂತ್ರಗಳಿಂದ ಹೆಸರಾದ ಇಟಲಿಯ ಇವ್ರೇಯಾ ಪಟ್ಟಣದಲ್ಲಿ ವಿನ್ಯಾಸಕಲೆಯನ್ನು ಕಲಿಸುವ ಒಂದು ಸಂಸ್ಥೆಯಿತ್ತು. ಅಲ್ಲಿ ಅಧ್ಯಾಪಕರಾಗಿದ್ದ ಮಾಸ್ಸಿಮೊ ಬಾಂಜಿ ಮತ್ತು ಅವರ ಸಂಗಡಿಗರು, ಎಂಜಿನಿಯರಿಂಗ್ ಓದದ ವಿದ್ಯಾರ್ಥಿಗಳಿಗೂ ಎಟುಕುವ ಅಗ್ಗದ ಸಾಧನವೊಂದನ್ನು ೨೦೦೫ರಲ್ಲಿ ರೂಪಿಸಿದರು. ಅದು ಶೂನ್ಯದಿಂದ ಮೂಡಿದುದಲ್ಲ. ಅದೇ ಸಂಸ್ಥೆಯ ವಿದ್ಯಾರ್ಥಿ, ಕೊಲಂಬಿಯ ದೇಶದ ಹೆರ್ನಾಂಡೊ ಬಾರಾಗಾನ್ ತಮ್ಮ ಪ್ರೌಢಪ್ರಬಂಧಕ್ಕಾಗಿ ಮಾಡಿದ 'ವೈರಿಂಗ್' ಅದಕ್ಕೆ ತಳಹದಿ. ಆ ವೈರಿಂಗ್‌ಗೆ ೨೦೦೧ರಲ್ಲಿ ಬೆನ್ ಫ್ರೈ, ಕೇಸಿ ರೀಸ್ ಇಬ್ಬರೂ ಆರಂಭಿಸಿದ 'ಪ್ರೊಸೆಸಿಂಗ್' ಪ್ರೇರಣೆ. ತಮಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲವೆಂದು ಬಾರಾಗಾನ್ ಮುಂದೆ ಬರೆದುದೂ ಉಂಟು. ಒಬ್ಬನ ಹಣತೆಯಿಂದ ಮತ್ತೊಬ್ಬನು ಹೊತ್ತಿಸಿಕೊಂಡ ದೀಪ ಇದು ಎಂಬುದನ್ನು ಮರೆಯಬಾರದು.

ಇವ್ರೇಯಾದ ಆ ಸಂಸ್ಥೆ ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಿತ್ತು. ಸಂಸ್ಥೆಯೊಡನೆ ತಮ್ಮ ಕೆಲಸವೂ ಯಾರದೋ ಪಾಲಾಗಿ ಮಣ್ಣುಗೂಡೀತೆಂಬ ಅಂಜಿಕೆ ಕಟ್ಟಿದವರಲ್ಲಿ ಇತ್ತು. ಅದನ್ನು ಲೋಕಕ್ಕೆ ಬಿಟ್ಟುಕೊಡಲು ಈ ಅಂಜಿಕೆಯೂ ಒಂದು ಕಾರಣವಾಯಿತು. ಎಲ್ಲರದಾದುದನ್ನು ಒಬ್ಬನು ಮುಚ್ಚಲಾರ. ಇದು ಅವರ ಎಣಿಕೆ. ಒಡೆಯನ ಭಯದಿಂದ ತಪ್ಪಿಸಿಕೊಳ್ಳಲೆಂದೇ ತೆರೆದಿಟ್ಟ ವಸ್ತು ಇಪ್ಪತ್ತು ವರ್ಷಗಳ ತರುವಾಯ ಒಡೆಯನೊಬ್ಬನ ಕೈಗೆ ಸೇರುವಂತಾದುದನ್ನು ಚರಿತ್ರೆಯ ವಿಡಂಬನೆ ಎನ್ನದೆ ಬೇರೇನೆನ್ನಬೇಕು?

ಹೆಸರಿನ ಕಥೆಯೂ ಸ್ವಾರಸ್ಯವಾದುದು. ಗೆಳೆಯರು ಕಲೆಯುತ್ತಿದ್ದ ಪಾನಗೃಹದ ಹೆಸರನ್ನೇ ಅವರು ಹಲಗೆಗಿಟ್ಟರು. ಪಾನಗೃಹಕ್ಕೆ ಆ ಹೆಸರು ಬಂದುದು ೧೦೦೨ರಲ್ಲಿ ಇಟಲಿಯ ಸಿಂಹಾಸನವನ್ನೇರಿದ ಆರ್ಡುಯಿನ್ ದೊರೆಯಿಂದ. ಆ ದೊರೆಯ ಕಾಲ ನಮಗೆ ರನ್ನನ ಕಾಲ. ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದನ್ನು ಕನ್ನಡ ವಿದ್ಯಾರ್ಥಿಗಳೆಲ್ಲ ಬಲ್ಲರು. ಅಚ್ಚಿನ ಮೊಳೆಗಳಿಲ್ಲದ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಎಷ್ಟು ಓಲೆ, ಎಷ್ಟು ಕಂಠ, ಎಷ್ಟು ಲಿಪಿಕಾರರ ಎಷ್ಟು ದಿನಗಳ ದುಡಿಮೆ! ಆ ತಾಯಿ ಕಾವ್ಯವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಕಾಯಲಿಲ್ಲ. ಸಾವಿರ ಕಡೆ ಚೆಲ್ಲಿ ಕಾದಳು. ಒಂದೆಡೆ ಬೆಂಕಿ ಬಿದ್ದರೂ ಇನ್ನೊಂದೆಡೆ ಉಳಿಯಲಿ ಎಂಬ ವಿವೇಕ ಅದರಲ್ಲಿದೆ. ಇವ್ರೇಯಾದ ಅಧ್ಯಾಪಕರು ಮಾಡಿದುದೂ ಇದನ್ನೇ.

ಹಾಗಾದರೆ ಕ್ವಾಲ್‌ಕಾಮ್ ಕೊಂಡದ್ದು ಏನನ್ನು? ಇದನ್ನು ವಿಂಗಡಿಸಿ ನೋಡಬೇಕು. ಹಳೆಯ ನಕ್ಷೆಗಳನ್ನಾಗಲಿ ಹಂಚಿದ ತಂತ್ರಾಂಶವನ್ನಾಗಲಿ ಯಾರೂ ಹಿಂದಕ್ಕೆ ಕಸಿದುಕೊಳ್ಳಲಾರರು. ಲೈಸೆನ್ಸಿನ ಮಾತು ಕೊಟ್ಟ ಮಾತು. ಕೊಳ್ಳಬಹುದಾದುದು ಹೆಸರು, ಆ ಹೆಸರಿನ ಮೇಲಿನ ನಂಬಿಕೆ, ಕೆಲಸಗಾರರ ಬಳಗ, ಜಾಲದ ಮೇಲಿನ ಸೇವೆಗಳು ಮತ್ತು ಮುಂದೆ ಯಾವ ದಾರಿಯಲ್ಲಿ ನಡೆಯಬೇಕೆಂಬ ತೀರ್ಮಾನ. ಹೆಸರೆಂದರೆ ಸಾಮಾನ್ಯವೇ? ಆರ್ಡುಯಿನೊ ಸ್ಥಾಪಕರೊಳಗೇ ೨೦೧೪ರಿಂದ ೨೦೧೬ರವರೆಗೆ ವ್ಯಾಜ್ಯ ನಡೆದು ಒಂದೇ ಹೆಸರಿನ ಎರಡು ಕಂಪನಿಗಳು ಎದುರುಬದುರಾಗಿ ನಿಂತಿದ್ದವು. ಒಂದು ಬಣವು ಅಮೆರಿಕದ ಹೊರಗೆ 'ಜೆನುಯಿನೊ' ಎಂಬ ಬೇರೆ ಹೆಸರನ್ನೇ ಹೂಡಬೇಕಾಯಿತು. ಅವರು ಜಗಳವಾಡಿದ್ದು ಸರ್ಕ್ಯೂಟಿಗಾಗಿ ಅಲ್ಲ, ಅದು ಎಲ್ಲರದಾಗಿತ್ತು. ಜಗಳ ಹೆಸರಿಗಾಗಿ. ಎಲ್ಲವನ್ನೂ ಹಂಚಿದವರು ಹಂಚದೆ ಉಳಿಸಿಕೊಂಡಿದ್ದ ಒಂದೇ ಆಸ್ತಿ ಅದು. ಈಗ ಮಾರಾಟಕ್ಕೆ ಬಂದುದೂ ಅದೇ.

ಕೊಂಡವರ ಪರವಾದ ಮಾತನ್ನೂ ನ್ಯಾಯವಾಗಿ ಹೇಳಬೇಕು. ಆರ್ಡುಯಿನೊ ತನ್ನ ಹೆಸರನ್ನೂ ಉಪಕರಣಗಳನ್ನೂ ಧ್ಯೇಯವನ್ನೂ ಸ್ವತಂತ್ರವಾಗಿ ಉಳಿಸಿಕೊಳ್ಳುವುದು, ಬೇರೆ ಕಂಪನಿಗಳ ಚಿಪ್ಪುಗಳನ್ನೂ ಬಳಸುತ್ತ ಹೋಗುವುದು ಎಂದು ಕ್ವಾಲ್‌ಕಾಮ್ ಸಾರಿದೆ. ಬಳಕೆದಾರರ ಸಂಖ್ಯೆ ೩ ಕೋಟಿ ೩೦ ಲಕ್ಷಕ್ಕೂ ಮೇಲೆಂದು ಹೇಳಿದೆ. ಅಷ್ಟು ಜನರ ಸೇವೆಗೆ ಹಣ ಬೇಡವೆ? ನಕಲು ಹಲಗೆಗಳು ಮೂಲಕ್ಕಿಂತ ಎಷ್ಟೋ ಅಗ್ಗವಾಗಿ ಸಿಗುತ್ತವೆ. ಅದು ಕಳ್ಳತನವಲ್ಲ, ಲೈಸೆನ್ಸೇ ಅದಕ್ಕೆ ಅನುಮತಿಯಿತ್ತಿದೆ. ಆದರೆ ಆ ಅಗ್ಗದ ಹಲಗೆಯನ್ನು ಕೊಂಡ ನಾವು, ಅದಕ್ಕೆ ಬೇಕಾದ ತಂತ್ರಾಂಶವನ್ನು ವರ್ಷವರ್ಷವೂ ತಿದ್ದುತ್ತ ಕುಳಿತವರಿಗೆ ಏನು ಕೊಟ್ಟೆವು? ಎಲ್ಲರೂ ನೀರು ಸೇದಿಕೊಂಡು ಯಾರೂ ಹೂಳೆತ್ತದ ಬಾವಿಯನ್ನು ಒಂದು ದಿನ ಯಾರೋ ಕೊಂಡರೆ, ಕೊಂಡವನನ್ನು ಮಾತ್ರ ದೂರುವುದು ಅರ್ಧ ನ್ಯಾಯ.

ಆದರೂ ಸಂಶಯಕ್ಕೆ ಎಡೆಯಿಲ್ಲದಿಲ್ಲ. ಒಪ್ಪಂದದ ದಿನವೇ ಹೊರಬಂದ 'ಉನೊ ಕ್ಯೂ' ಎಂಬ ಹೊಸ ಹಲಗೆಯಲ್ಲಿ ಎರಡು ಮಿದುಳುಗಳಿವೆ. ಅವುಗಳಲ್ಲಿ ದೊಡ್ಡದು ಕ್ವಾಲ್‌ಕಾಮ್‌ನ ಚಿಪ್ಪು. ಹಳೆಯ ಉನೊವಿನ ಚಿಪ್ಪನ್ನು ವಿದ್ಯಾರ್ಥಿಯೊಬ್ಬನು ಅಂಗಡಿಯಲ್ಲಿ ಬಿಡಿಯಾಗಿ ಕೊಂಡು, ಮನೆಯ ಮೇಜಿನ ಮೇಲೆ ತಾನೇ ಬೆಸುಗೆ ಹಾಕಿ ಹಲಗೆಯನ್ನು ಕಟ್ಟಬಲ್ಲವನಾಗಿದ್ದ. ಹೊಸದರ ಸಂಕೀರ್ಣತೆ ಅಂಥ ಕೈಗೆಲಸಕ್ಕೆ ಸುಲಭವಾಗಿ ಎಟುಕುವುದಲ್ಲ. ನಕ್ಷೆ ತೆರೆದಿದ್ದರೂ ಕೈಗೆ ಎಟುಕದಿದ್ದರೆ ಆ ತೆರವು ಕಣ್ಣಿಗೆ ಮಾತ್ರ. ಮುಂದೆ ೨೦೨೫ರ ನವೆಂಬರಿನಲ್ಲಿ ಸಂಸ್ಥೆ ತನ್ನ ಜಾಲಸೇವೆಗಳ ಬಳಕೆಯ ಷರತ್ತುಗಳನ್ನು ಬದಲಿಸಿತು. ಬಳಕೆದಾರರು ಸೇರಿಸಿದ ಬರಹಗಳ ಮೇಲೆ ಸಂಸ್ಥೆಗೆ ವಿಶಾಲವಾದ ಹಕ್ಕು, ಅದರ ವೇದಿಕೆಯನ್ನು ಬಿಚ್ಚಿ ಒಳಗುಟ್ಟನ್ನು ಅರಿಯುವುದಕ್ಕೆ ನಿರ್ಬಂಧ ಇಂಥವು ಅಲ್ಲಿದ್ದುದನ್ನು ನ್ಯೂಯಾರ್ಕಿನ ಅಡಾಫ್ರೂಟ್ ಸಂಸ್ಥೆ ಬಹಿರಂಗವಾಗಿ ಆಕ್ಷೇಪಿಸಿತು. ನಿರ್ಬಂಧವಿರುವುದು ಜಾಲಸೇವೆಗೆ ಮಾತ್ರ, ಮುಕ್ತವಾಗಿದ್ದುದು ಮುಕ್ತವಾಗಿಯೇ ಇರುತ್ತದೆ ಎಂದು ಆರ್ಡುಯಿನೊ ಉತ್ತರವಿತ್ತಿತು. ಉತ್ತರವನ್ನು ನಂಬೋಣ. ಆದರೆ ಬಿಚ್ಚಿ ನೋಡುವುದನ್ನು ಕಲಿಸಲೆಂದೇ ಹುಟ್ಟಿದ ಸಂಸ್ಥೆಯ ಷರತ್ತುಗಳಲ್ಲಿ ಬಿಚ್ಚಬಾರದೆಂಬ ಮಾತು ಎಲ್ಲಿಯೇ ಬಂದರೂ ಓದುಗನು ತಡೆದು ನಿಲ್ಲುವುದು ಸಹಜ.

ಇಂಥ ಕೊಳ್ಳುವಿಕೆಯ ಫಲವನ್ನು ಹಿಂದಿನ ಎರಡು ನಿದರ್ಶನಗಳಿಂದ ತಿಳಿಯಬಹುದು. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ ೨೦೦೫ರಲ್ಲಿ ಆರಂಭಿಸಿದ 'ರೆಪ್‌ರ‍್ಯಾಪ್' ಎಂಬ ಮುಕ್ತ ಯೋಜನೆಯ ಬಲದಿಂದ ೨೦೦೯ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮೇಕರ್‌ಬಾಟ್ ಎಂಬ ಕಂಪನಿ ಹುಟ್ಟಿತು. ವಸ್ತುಗಳನ್ನು ಪದರಪದರವಾಗಿ ಅಚ್ಚು ಹಾಕುವ ಯಂತ್ರ ಅದರದು. ೨೦೧೨ರಲ್ಲಿ ಅದು ತನ್ನ ಹೊಸ ಯಂತ್ರದ ನಕ್ಷೆಯನ್ನು ಮುಚ್ಚಿಟ್ಟಿತು; ಸ್ಥಾಪಕರಲ್ಲಿ ಒಬ್ಬರೇ ಅದನ್ನು ಖಂಡಿಸಿದರು. ೨೦೧೩ರಲ್ಲಿ ಸ್ಟ್ರಾಟಸಿಸ್ ಕಂಪನಿ ಅದನ್ನು ಸುಮಾರು ೪೦ ಕೋಟಿ ಡಾಲರ್ ಮೌಲ್ಯದ ಷೇರುಗಳನ್ನು ಕೊಟ್ಟು ಕೊಂಡಿತು. ಮೇಕರ್‌ಬಾಟ್ ಹಳೆಯ ವೈಭವವನ್ನು ಕಳೆದುಕೊಂಡಿತು. ರೆಪ್‌ರ‍್ಯಾಪ್ ಸಂತತಿ ಮಾತ್ರ ಬೇರೆಯವರ ಕೈಯಲ್ಲಿ ಬೆಳೆಯುತ್ತಲೇ ಹೋಯಿತು. ಇನ್ನೊಂದು ನಿದರ್ಶನ ತಂತ್ರಾಂಶದ್ದು. ೨೦೧೦ರಲ್ಲಿ ಒರಾಕಲ್ ಕಂಪನಿ ಸನ್ ಕಂಪನಿಯನ್ನು ಕೊಂಡಾಗ 'ಓಪನ್ ಆಫೀಸ್' ಎಂಬ ಬರೆವಣಿಗೆಯ ಸಾಧನ ಅದರ ಕೈಸೇರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸ್ವಯಂಸೇವಕರು ಪ್ರತಿಯೊಂದನ್ನು ತೆಗೆದುಕೊಂಡು ಹೊರನಡೆದು 'ಲಿಬ್ರೆ ಆಫೀಸ್' ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಿದರು. ಅದು ಇಂದು ಕನ್ನಡದಲ್ಲಿಯೂ ದೊರೆಯುತ್ತದೆ. ಎರಡು ಕಡೆಯೂ ಹೆಸರು ಹೋಯಿತು, ವಿದ್ಯೆ ಉಳಿಯಿತು. ಉಳಿದುದು ಏಕೆ? ಪ್ರತಿ ಇತ್ತು, ಪ್ರತಿಯನ್ನು ಓದಿ ತಿದ್ದಬಲ್ಲ ಜನರಿದ್ದರು. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಉಳಿಯುತ್ತಿರಲಿಲ್ಲ. ಓದಬಲ್ಲವರಿಲ್ಲದ ಓಲೆಗರಿಯನ್ನು ಲೈಸೆನ್ಸು ಕಾಯಲಾರದು, ಗೆದ್ದಲು ಕಾಯುತ್ತದೆ.

ಕನ್ನಡಿಗರಿಗೆ ಇದು ದೂರದ ಮಾತಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನಮ್ಮ ಬರಹಗಳನ್ನು ಒಂದೊಂದು ಸಂಸ್ಥೆಯ ಒಂದೊಂದು ಅಕ್ಷರಕ್ರಮದಲ್ಲಿ ಕಂಪ್ಯೂಟರಿಗೆ ಏರಿಸಿದೆವು. ಆ ಅಕ್ಷರಕ್ರಮ ಕೈಬಿಟ್ಟಾಗ ಪ್ರಬಂಧಗಳೂ ಪತ್ರಿಕೆಗಳೂ ಅರ್ಥವಿಲ್ಲದ ಗೀರುಗಳಾದವು. ಬರಹ ನಮ್ಮದು, ಅದನ್ನು ತೆರೆಯುವ ಕೀಲಿ ಬೇರೆಯವರದು. ಇಂದು ಶಾಲೆಗಳ ಸರದಿ. ೨೦೧೬ರಲ್ಲಿ ಆರಂಭವಾದ ಅಟಲ್ ಇನ್ನೊವೇಶನ್ ಮಿಷನ್ನಿನ ಅಡಿಯಲ್ಲಿ ದೇಶದ ಹತ್ತು ಸಾವಿರಕ್ಕೂ ಹೆಚ್ಚು ಶಾಲೆಗಳಲ್ಲಿ ಟಿಂಕರಿಂಗ್ ಲ್ಯಾಬುಗಳು ನೆಲೆಗೊಂಡಿವೆ. ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನೂ ೫೦ ಸಾವಿರವನ್ನು ತೆರೆಯುವುದಾಗಿ ೨೦೨೫ರ ಕೇಂದ್ರ ಬಜೆಟ್ಟು ಸಾರಿತು. ಕರ್ನಾಟಕದ ಮಕ್ಕಳೂ ಅಲ್ಲಿ ಮುಟ್ಟುವ ಮೊದಲ ವಿದ್ಯುನ್ಮಾನ ಹಲಗೆ ಬಹುಮಟ್ಟಿಗೆ ಇದೇ ಜಾತಿಯದು.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನ ಬಿನ್ನಹ ಮೂರು. ಮೊದಲನೆಯದು, ಮಕ್ಕಳಿಗೆ ಹೆಸರನ್ನು ಕಲಿಸದೆ ತತ್ತ್ವವನ್ನು ಕಲಿಸೋಣ; ಆರ್ಡುಯಿನೊ ಬಲ್ಲೆನೆನ್ನುವ ಹುಡುಗ ಹಲಗೆ ಬದಲಾದರೆ ಕಂಗೆಡುವನು, ವಿದ್ಯುತ್ತು ಹರಿಯುವ ಬಗೆಯನ್ನು ಬಲ್ಲವನು ಕಂಗೆಡನು. ಸರ್ಕಾರವೂ ಕೊಳ್ಳುವಾಗ ಕಂಪನಿಯ ಹೆಸರನ್ನಲ್ಲ, ನಕ್ಷೆ ತೆರೆದಿರಬೇಕೆಂಬ ಗುಣವನ್ನು ಬರೆಯಲಿ. ಎರಡನೆಯದು, ನಕ್ಷೆಗಳನ್ನೂ ತಂತ್ರಾಂಶವನ್ನೂ ಪಾಠಗಳನ್ನೂ ನಮ್ಮ ಕಾಲೇಜುಗಳು ತಮ್ಮಲ್ಲಿಯೇ ಪ್ರತಿಮಾಡಿ ಇಟ್ಟುಕೊಳ್ಳಲಿ; ಅದಕ್ಕೆ ಅನುಮತಿಯಿದೆ, ಖರ್ಚು ಅಲ್ಪ. ಮೂರನೆಯದು ನನ್ನಂಥ ಭಾಷೆಯ ಅಧ್ಯಾಪಕರಿಗೇ ಸೇರಿದ್ದು: ಆ ವಿದ್ಯೆ ಕನ್ನಡದಲ್ಲಿ ತಿಳಿಯಾಗಿ ಬರೆಯಲ್ಪಡಬೇಕು. ಇಂಗ್ಲಿಷಿನ ಮರೆಯಲ್ಲಿ ಅರ್ಧ ತಿಳಿದ ಪಾಠಕ್ಕೆ ಯಾವ ಲೈಸೆನ್ಸೂ ಬಿಡುಗಡೆ ಕೊಡಲಾರದು. ವಿಜ್ಞಾನದ ಅಧ್ಯಾಪಕರು ವಿಷಯವನ್ನು ಒದಗಿಸಲಿ, ನಾವು ಮಾತನ್ನು ಒದಗಿಸೋಣ.

ಕ್ವಾಲ್‌ಕಾಮ್ ತನ್ನ ಮಾತನ್ನು ಉಳಿಸಿಕೊಂಡರೆ ಬಹಳ ಸಂತೋಷ. ಉಳಿಸಿಕೊಳ್ಳದಿದ್ದರೂ ನಮ್ಮ ಮಕ್ಕಳ ಕಲಿಕೆ ನಿಲ್ಲದಂತೆ ಏರ್ಪಾಡು ಮಾಡಿಕೊಳ್ಳುವುದು ನಮ್ಮ ಕೆಲಸ. ಅತ್ತಿಮಬ್ಬೆ ಯಾರ ಔದಾರ್ಯವನ್ನೂ ಕಾದು ಕೂರಲಿಲ್ಲ, ಲಿಪಿಕಾರರನ್ನು ಕರೆಸಿದಳು.