ಧೂಳು ಹೀರುವ ಯಂತ್ರವೂ ನಮ್ಮ ನೆಲವೂ

ವ್ಯಾಕ್ಯೂಮ್ ಕ್ಲೀನರೆಂಬ ಧೂಳು ಹೀರುವ ಯಂತ್ರವು ಈಗ ತುಮಕೂರಿನ ಅಂಗಡಿಗಳಲ್ಲಿಯೂ ಸುಲಭವಾಗಿ ದೊರೆಯುವ ಪದಾರ್ಥವಾಗಿರುವುದು. ಸಾಲಾಗಿ ಇಟ್ಟಿರುವ ನಾಲ್ಕಾರು ಯಂತ್ರಗಳನ್ನು ನೋಡಿದವರಿಗೆ ಒಂದು ಸಂಗತಿಯು ಕೂಡಲೆ ಗೋಚರವಾಗುವುದು. ಹೆಸರು ಬೇರೆ, ಬಣ್ಣ ಬೇರೆ, ಬೆಲೆ ಬೇರೆ. ಆಕಾರ ಮಾತ್ರ ಹೆಚ್ಚುಕಡಿಮೆ ಒಂದೇ. ಒಳಗಿನ ಕಸವು ಕಾಣುವಂತಹ ಪಾರದರ್ಶಕವಾದ ಡಬ್ಬಿ, ಅದರೊಳಗೆ ಶಂಕುವಿನಂತಹ ಕೊಳವೆಗಳು, ಹಿಂದೆ ಒಂದು ಮೋಟಾರು. ಒಬ್ಬನು ಮಾಡಿದುದನ್ನು ಹತ್ತು ಮಂದಿ ನೋಡಿ ಮಾಡಿರುವರೆಂಬುದು ಮಗುವಿಗೂ ತಿಳಿಯುವುದು. ಇದು ಕಳವೋ ಕಲಿಕೆಯೋ? ಗುಬ್ಬಿಯಲ್ಲಿ ಹೆಲಿಕಾಪ್ಟರಿನ ಕಾರ್ಖಾನೆಯೂ ವಸಂತನರಸಾಪುರದಲ್ಲಿ ನಾನಾ ಬಗೆಯ ಕಾರ್ಖಾನೆಗಳೂ ಎದ್ದಿರುವ ಈ ಜಿಲ್ಲೆಯವರಿಗೆ ಈ ಪ್ರಶ್ನೆಯು ಹೊರಗಿನವರದೆಂದು ಬಿಟ್ಟುಬಿಡತಕ್ಕದ್ದಲ್ಲ. ನಮ್ಮ ಮಕ್ಕಳ ಅನ್ನವು ಇದರಲ್ಲಿ ಅಡಗಿರುವುದು.

ಯಂತ್ರದ ಹುಟ್ಟನ್ನು ಮೊದಲು ನೋಡೋಣ. 1901ರಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಆಂಗ್ಲ ಇಂಜಿನಿಯರು, ಗಾಳಿಯೂದಿ ಧೂಳನ್ನೆಬ್ಬಿಸುವ ಯಂತ್ರವೊಂದನ್ನು ಕಂಡು, ಊದುವುದಕ್ಕೆ ಬದಲಾಗಿ ಹೀರಿದರೇನು ಎಂದು ಯೋಚಿಸಿದನು. ಆಸನದ ಮೇಲೆ ಕರವಸ್ತ್ರವನ್ನು ಹಾಸಿ ಬಾಯಿಂದ ಹೀರಿ ಪರೀಕ್ಷಿಸಿದನೆಂಬುದು ಪ್ರಸಿದ್ಧವಾದ ಕಥೆ. ಅವನ ಯಂತ್ರವು ಕುದುರೆಗಳೆಳೆಯುವ ಬಂಡಿಯಷ್ಟು ದೊಡ್ಡದು. ಅದು ಬೀದಿಯಲ್ಲಿ ನಿಂತು ಕಿಟಕಿಗಳ ಮೂಲಕ ಕೊಳವೆಗಳನ್ನು ಮನೆಯೊಳಕ್ಕೆ ಚಾಚುತ್ತಿದ್ದಿತು. (ಕುಣಿಗಲಿನ ಜಾತಿಕುದುರೆಗಳಿಗೆ ಈ ಉದ್ಯೋಗವು ಬಾರದೆ ಹೋದುದು ಅವುಗಳ ಪುಣ್ಯ.) ಅದನ್ನು ಕೈಯಲ್ಲಿ ಹಿಡಿಯುವಂತೆ ಮಾಡಿದವನು ಇಂಜಿನಿಯರನಲ್ಲ. ಅಮೆರಿಕದ ಒಹಾಯೋ ಪ್ರಾಂತದ ಕ್ಯಾಂಟನ್ ಪಟ್ಟಣದಲ್ಲಿ, ದೊಡ್ಡ ಅಂಗಡಿಯೊಂದನ್ನು ಗುಡಿಸುತ್ತಿದ್ದ ಜೇಮ್ಸ್ ಮರೆ ಸ್ಪ್ಯಾಂಗ್ಲರನೆಂಬ ಉಬ್ಬಸದ ರೋಗಿ. ಗುಡಿಸಿದಾಗಲೆಲ್ಲ ಏಳುವ ಧೂಳಿನಿಂದ ಉಸಿರು ಕಟ್ಟುತ್ತಿದ್ದುದನ್ನು ತಾಳಲಾರದೆ, ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ ಇವನ್ನು ಜೋಡಿಸಿ ಅವನು ಯಂತ್ರವನ್ನು ಕಟ್ಟಿದನು. 1908ರಲ್ಲಿ ಪೇಟೆಂಟನ್ನೂ ಪಡೆದನು. ಆ ಹಕ್ಕು ಹೂವರನೆಂಬ ಚರ್ಮದ ಸಾಮಾನಿನ ವ್ಯಾಪಾರಿಗೆ ಹೋಯಿತು. ಲೋಕಕ್ಕೆ ಹೂವರನ ಹೆಸರು ತಿಳಿಯಿತು. ಗುಡಿಸುತ್ತಿದ್ದವನ ಹೆಸರು ಮರೆತುಹೋಯಿತು.

ಇನ್ನು ಇಂದಿನ ಯಂತ್ರಗಳ ಮೂಲಪುರುಷನಾದ ಜೇಮ್ಸ್ ಡೈಸನನ ವಿಚಾರ. ಚೀಲದ ರಂಧ್ರಗಳು ಧೂಳಿನಿಂದ ಮುಚ್ಚಿಕೊಂಡು ಯಂತ್ರದ ಸೆಳೆತವು ಕುಗ್ಗುವುದನ್ನು ಈತನು ಕಂಡನು. ಮರ ಕೊಯ್ಯುವ ಕಾರ್ಖಾನೆಯ ಮೇಲಿನ ದೊಡ್ಡ ಶಂಕುವೊಂದು ಗಾಳಿಯನ್ನು ಗಿರ್ರನೆ ತಿರುಗಿಸಿ ಹೊಟ್ಟನ್ನು ಕೆಳಕ್ಕಿಳಿಸುವುದನ್ನೂ ಕಂಡನು. ಸೈಕ್ಲೋನೆಂಬ ಆ ಶಂಕು ಅವನ ಕಲ್ಪನೆಯಲ್ಲ. ಹಿಟ್ಟಿನ ಗಿರಣಿಗಳಿಗಾಗಿ ಅಮೆರಿಕದಲ್ಲಿ 1880ರ ದಶಕದಲ್ಲಿಯೇ ಪೇಟೆಂಟಾದುದು. ನಮ್ಮ ಅಕ್ಕಿಯ ಗಿರಣಿಗಳಲ್ಲಿಯೂ ಕಾಣಬರುವುದು. ಹಾಗಾದರೆ ಡೈಸನನೂ ಅನುಕರಣಕಾರನೆ? ಮಹಡಿಯ ಮೇಲಿನ ಶಂಕುವನ್ನು ಮನೆಯ ಮೂಲೆಯ ಡಬ್ಬಿಯೊಳಕ್ಕೆ ಇಳಿಸುವುದಕ್ಕೆ ಆತನು 5,127 ಮಾದರಿಗಳನ್ನು ಮಾಡಬೇಕಾಯಿತು. ದೊಡ್ಡ ಕಂಪೆನಿಗಳು ಆತನನ್ನು ಹಿಂದಕ್ಕೆ ಕಳುಹಿಸಿದುವು. ಚೀಲಗಳ ಮಾರಾಟದ ಲಾಭವನ್ನು ಯಾರು ತಾನೆ ಬಿಟ್ಟಾರು? 1993ರಲ್ಲಿ ಆತನು ತನ್ನ ಹೆಸರಿನಲ್ಲಿಯೇ ಯಂತ್ರವನ್ನು ಹೊರತಂದು ಗೆದ್ದ ಬಳಿಕ ಹೂವರ್ ಕಂಪೆನಿಯೂ ಸುಳಿಯ ಯಂತ್ರವನ್ನು ಮಾಡಿತು. 2000ದಲ್ಲಿ ಇಂಗ್ಲೆಂಡಿನ ನ್ಯಾಯಾಲಯವು ಅದು ಪೇಟೆಂಟಿನ ಉಲ್ಲಂಘನೆಯೆಂದು ತೀರ್ಮಾನಿಸಿತು. ಒಂದು ಕಡೆ ಕಂಡ ತತ್ತ್ವವನ್ನು ಮತ್ತೊಂದು ಕಡೆಗೆ ತನ್ನ ಬೆವರಿನಿಂದ ಹೊತ್ತು ತಂದವನು ಒಬ್ಬ. ಸಿದ್ಧವಾದ ಪದಾರ್ಥವನ್ನು ಕಂಡು ಅದರಂತೆಯೇ ಮಾಡಿದವನು ಇನ್ನೊಬ್ಬ. ನಮ್ಮ ಮತದಲ್ಲಿ ಇವರಿಬ್ಬರಿಗೂ ಇರುವ ಅಂತರವು ಇಷ್ಟೆ, ಆದರೆ ಇದು ಸಣ್ಣ ಅಂತರವಲ್ಲ.

ಇದಕ್ಕೆ ಉದಾಹರಣೆಯನ್ನು ಹುಡುಕಲು ಇಂಗ್ಲೆಂಡಿಗೇ ಹೋಗಬೇಕೆಂದಿಲ್ಲ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಮೈಸೂರು ಸಂಸ್ಥಾನದವರು ಕಟ್ಟಿದ ಜಲಾಶಯವನ್ನು ನೋಡಿದವರು ಅಲ್ಲಿಯ ಸೈಫನ್ನುಗಳನ್ನು ಬಲ್ಲರು. ಸೈಫನ್ನೆಂಬುದು ಯೂರೋಪಿನವರಿಗೆ ಬಹುಕಾಲದಿಂದ ಗೊತ್ತಿದ್ದ ತತ್ತ್ವ. ಸಂಸ್ಥಾನದ ಇಂಜಿನಿಯರು ಗಣೇಶ ಅಯ್ಯರವರು ಅದಕ್ಕೆ ಸುಳಿಯನ್ನು ಕೂಡಿಸಿದರು. ನೆಟ್ಟಗೆ ನಿಲ್ಲಿಸಿದ ದೊಡ್ಡ ಆಲಿಕೆಯ ಮೇಲೆ ಬೋರಲು ಹಾಕಿದ ಬೋಗುಣಿಯಂತೆ ಒಂದು ಗುಮ್ಮಟ. ಕೆರೆ ತುಂಬಿ ನೀರು ಆಲಿಕೆಯ ಅಂಚನ್ನು ಮೀರಿದೊಡನೆ, ಒಳಮೈಯಲ್ಲಿ ಓರೆಯಾಗಿ ಕಟ್ಟಿದ ಏಣುಗಳು ನೀರನ್ನು ತಿರುಗಿಸುವುವು. ಎದ್ದ ಸುಳಿಯು ಗುಮ್ಮಟದೊಳಗಿನ ಗಾಳಿಯನ್ನು ಸೆಳೆದುಕೊಂಡು ಹೋಗುವುದು. ಗಾಳಿ ಬರಿದಾಗಲು ಸೈಫನ್ನು ತುಂಬಿ ಪೂರ್ಣವೇಗದಿಂದ ಹರಿಯತೊಡಗುವುದು. ನೀರಿನ ಮಟ್ಟವಿಳಿದರೆ ಗಾಳಿ ಹೊಕ್ಕು ತಾನೇ ನಿಲ್ಲುವುದು. ನಡುರಾತ್ರಿಯ ಮಳೆಯಲ್ಲಿ ಬಾಗಿಲೆತ್ತುವ ಆಳೂ ಬೇಡ, ಮೋಟಾರೂ ಬೇಡ. ಶರಾವತಿಯ ಹಿರೇಭಾಸ್ಕರದ ಅಣೆಕಟ್ಟೆಗೂ ಇದೇ ಬಗೆಯ ಸೈಫನ್ನುಗಳನ್ನಿಟ್ಟರು; ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದ್ದರೂ ಬೇಸಗೆಯಲ್ಲಿ ನೀರಿಳಿದಾಗ ಅವು ತಲೆಯೆತ್ತುವುವು. ಡೈಸನನು ಗಾಳಿಯನ್ನು ಸುತ್ತಿಸಿ ಧೂಳನ್ನು ಬೇರ್ಪಡಿಸುವುದಕ್ಕೆ ಎಷ್ಟೋ ವರ್ಷಗಳ ಮುಂಚೆಯೇ ನಮ್ಮವರೊಬ್ಬರು ನೀರನ್ನು ಸುತ್ತಿಸಿ ಗಾಳಿಯನ್ನು ಹೀರಿಸಿದ್ದರು. ಶಿಂಷೆಯ ಅಗತ್ಯವನ್ನು ಬಲ್ಲವರಾದುದರಿಂದಲೇ ಅವರಿಗೆ ಅದು ಹೊಳೆಯಿತು.

ನಮ್ಮ ಅಂಗಡಿಯ ಯಂತ್ರಗಳ ದೋಷವು ಇಲ್ಲಿಯೇ ಇರುವುದು. ಡೈಸನನ ಮೊದಲ ಪೇಟೆಂಟುಗಳ ಅವಧಿ ಎಂದೋ ತೀರಿತು. ಆದುದರಿಂದ ಆ ತತ್ತ್ವವನ್ನು ಬಳಸುವುದು ಕಳವಲ್ಲ. ನಮ್ಮ ದೇಶದಲ್ಲಿಯೂ ಪೇಟೆಂಟಿಗೆ 20 ವರ್ಷ, 2000ದ ಕಾನೂನಿನಂತೆ ನೋಂದಣಿಯಾದ ಆಕೃತಿಗೆ 10 ವರ್ಷ ಮತ್ತು ಹೆಚ್ಚೆಂದರೆ ಇನ್ನು 5 ವರ್ಷ ರಕ್ಷಣೆ; ಆಮೇಲೆ ಅದು ಲೋಕದ ಸೊತ್ತು. ನಮ್ಮ ಆಕ್ಷೇಪಣೆಯು ಬೇರೆ. ಶೀತದೇಶದವರು ಗೋಡೆಯಿಂದ ಗೋಡೆಗೆ ಜಮಖಾನೆಯನ್ನು ಹಾಸುವರು. ಅದರ ನೂಲಿನೊಳಗಿನ ಧೂಳನ್ನು ಕಿತ್ತೆಳೆಯಲು ಈ ಯಂತ್ರವು ಬೆಳೆಯಿತು. ನಮ್ಮದು ಬರಿಯ ನೆಲ. ಕಡಪ ಕಲ್ಲು, ರೆಡ್ ಆಕ್ಸೈಡಿನ ಗಾರೆ, ಮೊಸಾಯಿಕ್ಕು, ಟೈಲು. ದಿನವೂ ಗುಡಿಸಿ ನೀರಿನಿಂದ ಒರೆಸಿದಲ್ಲದೆ ಗೃಹಿಣಿಗೆ ಸಮಾಧಾನವಿಲ್ಲ. 1982ರಲ್ಲಿ ಸ್ಥಾಪಿತವಾದ ಯುರೇಕಾ ಫೋರ್ಬ್ಸ್ ಕಂಪೆನಿಯ ತರುಣರು ಕೊರಳಪಟ್ಟಿ ಕಟ್ಟಿ ಮನೆಮನೆಯ ಬಾಗಿಲನ್ನು ತಟ್ಟಿ ಮಾರಿದ ಯಂತ್ರಗಳಲ್ಲಿ ಎಷ್ಟೋ ಈಗ ಅಟ್ಟದ ಮೇಲಿರುವುವು. ತರುಣರ ಮಾತಿನಲ್ಲಿ ಕೊರತೆಯಿರಲಿಲ್ಲ. ಯಂತ್ರಕ್ಕೆ ನಮ್ಮ ನೆಲದ ಪರಿಚಯವಿರಲಿಲ್ಲ. ಈಚೆಗೆ ತಾನೇ ತಿರುಗಿ ಒರೆಸುವ ಯಂತ್ರಗಳೂ ಬಂದಿರುವುವು. ಅವುಗಳಲ್ಲಿ ಎಷ್ಟೋ ನಮ್ಮ ಹಳೆಯ ಮನೆಗಳ ಹೊಸ್ತಿಲನ್ನು ಕಂಡೊಡನೆ ಹಿಂತಿರುಗುವುವು.

ಬರಿಯ ನಕಲಿನಲ್ಲಿ ನಿಂತರೆ ಏನಾಗುವುದೆಂಬುದನ್ನು ತುಮಕೂರಿಗೆ ಹೊರಗಿನವರು ಹೇಳಬೇಕಾಗಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಾಯದಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಗಡಿಯಾರವು ಹುಟ್ಟಿತು; ಮುಂದೆ ನಮ್ಮ ನಗರಕ್ಕೂ ಅದರ ಕಾರ್ಖಾನೆ ಬಂದಿತು. ಮದುವೆಯ ವರನ ಕೈಯಲ್ಲಿ ಆ ಗಡಿಯಾರವಿಲ್ಲದಿದ್ದರೆ ಮಾವನಿಗೆ ಮಾನವಿರಲಿಲ್ಲ. ಕಲಿಸಿದವರು ಕ್ವಾರ್ಟ್ಸಿನ ಕಡೆಗೆ ಮುಂದುವರಿದರು. ಕಲಿತ ನಮ್ಮವರು ಬಹುಕಾಲ ಹಳೆಯ ಪಾಠವನ್ನೇ ನೆಚ್ಚಿದರು. 2016ರಲ್ಲಿ ಕೇಂದ್ರ ಸರ್ಕಾರವು ಗಡಿಯಾರದ ಕಂಪೆನಿಯನ್ನು ಮುಚ್ಚಲು ತೀರ್ಮಾನಿಸಿತು. ಕಾರಣಗಳು ಹಲವಿದ್ದುವು, ಇದೂ ಒಂದು. ಗುಬ್ಬಿಯ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಆರಂಭವಾದ ಹಿಂದೂಸ್ಥಾನ್ ಏರೋನಾಟಿಕ್ಸಿನ ಕಾರ್ಖಾನೆಯ ದಾರಿ ಬೇರೆ. ಆ ಸಂಸ್ಥೆಯವರು ಫ್ರೆಂಚರ ಅನುಮತಿಯಿಂದ ದಶಕಗಳ ಕಾಲ ಚೇತಕ್, ಚೀತಾ ಎಂಬ ಹೆಲಿಕಾಪ್ಟರುಗಳನ್ನು ಮಾಡಿ ಕೈ ಪಳಗಿಸಿಕೊಂಡು, ಅವುಗಳ ಸ್ಥಾನವನ್ನು ತುಂಬಲು ತಾವೇ ರಚಿಸಿದ ಹಗುರ ಹೆಲಿಕಾಪ್ಟರನ್ನು 2016ರಲ್ಲಿ ಹಾರಿಸಿದರು. ಎಂಜಿನ್ನು ಈಗಲೂ ಫ್ರೆಂಚ್ ಮೂಲದ್ದೇ, ಅದನ್ನು ಮುಚ್ಚಿಡಬೇಕಾಗಿಲ್ಲ.

ನಮ್ಮ ನಗರದ ಪೌರಕಾರ್ಮಿಕರು ಇಂದಿಗೂ ಮುಂಜಾನೆ ಕಡ್ಡಿಪೊರಕೆಯನ್ನು ಹಿಡಿದು ಬೀದಿಯ ಧೂಳನ್ನು ಗುಡಿಸುವರು, ಅರ್ಧವನ್ನು ನುಂಗುವರು. ಗುಬ್ಬಿಯ ಕಡೆಯ ತೆಂಗಿನ ನಾರಿನ ಕಾರ್ಖಾನೆಗಳಲ್ಲಿ ಸಿಪ್ಪೆಯ ಪುಡಿಯು ಗಾಳಿಯಲ್ಲಿ ತೇಲುವುದು. ಅಲ್ಲಿ ದುಡಿಯುವ ಹೆಂಗಸರಿಗೆ ಸೆರಗೇ ಮುಸುಕು. ಕ್ಯಾಂಟನ್ನಿನ ಉಬ್ಬಸದ ರೋಗಿಯ ಸ್ಥಿತಿಯಲ್ಲಿರುವವರು ಇವರು. ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಅಂತಿಮ ವರ್ಷದ ಕೆಲಸವಾಗಿ ಪರದೇಶದ ಯಂತ್ರದ ಪ್ರತಿಯನ್ನು ಒಪ್ಪಿಸಲು ಬಿಡದೆ, ಒಂದು ವಾರ ಬೆಳಗಿನ ಐದು ಗಂಟೆಗೆ ಪೌರಕಾರ್ಮಿಕರ ಜೊತೆಗೂ ಒಂದು ವಾರ ನಾರಿನ ಕಾರ್ಖಾನೆಗೂ ಕಳುಹಿಸಲಿ. ಆ ಬಳಿಕ ಅವರು ಬರೆದು ತರುವ ನಕ್ಷೆಗಳಲ್ಲಿ ಒಂದೆರಡನ್ನಾದರೂ ಮಾಡಿ ನೋಡಲು ಮಹಾನಗರಪಾಲಿಕೆಯವರೂ ವಸಂತನರಸಾಪುರದ ಉದ್ಯಮಿಗಳೂ ಹಣವನ್ನು ತೆಗೆದಿಡಲಿ. ಮೊದಲ ಯಂತ್ರವು ಕೆಡಬಹುದು, ಹತ್ತನೆಯದೂ ಕೆಡಬಹುದು; ಅದಕ್ಕೂ ಸೇರಿಸಿಯೇ ಆಯವ್ಯಯವನ್ನು ಬರೆಯಬೇಕು.