ಪಿಸ್ಕೋ: ಹೆಸರಿಗೆ ಕಾವಲುಂಟು, ನೀರಿಗೆ?

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಮರುಭೂಮಿಯ ನಡುವೆ, ಇಕಾ ಎಂಬ ದ್ರಾಕ್ಷಿಯ ಕಣಿವೆಯಿದೆ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ತಂದು ನೆಟ್ಟ ಬಳ್ಳಿ ಅಲ್ಲಿ ಬೇರುಬಿಟ್ಟಿತು. ಹೊರಗಿನಿಂದ ಬಂದ ಎರಡು ತಳಿಗಳು ಬೆರೆತು ಕೆಬ್ರಾಂತಾ ಎಂಬ ಹೊಸ ತಳಿ ಆ ನೆಲದಲ್ಲೇ ಹುಟ್ಟಿತು. ಇಂಥ ದ್ರಾಕ್ಷಿಯ ರಸವನ್ನು ಹುದುಗಿಸಿ, ಭಟ್ಟಿ ಇಳಿಸಿ ತೆಗೆಯುವ ಮದ್ಯವೇ ಪಿಸ್ಕೋ. ಅದು ಹಡಗು ಹತ್ತುತ್ತಿದ್ದ ಬಂದರಿನ ಹೆಸರೂ ಪಿಸ್ಕೋ.

ಮದ್ಯದಿಂದ ಮನೆ ಹಾಳಾಗುವುದನ್ನು ಕಂಡ ಹಳ್ಳಿಗಳಿಗೆ ಇಂಥ ಪಾನೀಯದ ಹೊಗಳಿಕೆ ಬೇಕಿಲ್ಲ. ಆದರೆ ಒಂದು ಬೆಳೆಯ ಪರಂಪರೆಯನ್ನು ಕಾಯುವುದೆಂದರೆ ಏನನ್ನು ಕಾಯುವುದು ಎಂಬ ಪ್ರಶ್ನೆಗೆ ಪಿಸ್ಕೋ ಒಳ್ಳೆಯ ನಿದರ್ಶನ.

ಪೆರು ಸರ್ಕಾರ 1988ರಲ್ಲಿ ಪಿಸ್ಕೋವನ್ನು ರಾಷ್ಟ್ರೀಯ ಸಾಂಸ್ಕೃತಿಕ ಪರಂಪರೆಯೆಂದು ಸಾರಿತು. ಈ ಹೆಸರಿಗೆ ಇಂದು ಕಟ್ಟುನಿಟ್ಟಾದ ಕಾನೂನಿನ ರಕ್ಷಣೆಯಿದೆ. ಗೊತ್ತುಪಡಿಸಿದ 8 ತಳಿಗಳನ್ನಷ್ಟೇ ಬಳಸಬೇಕು. ಕರಾವಳಿಯ ಐದು ಪ್ರಾಂತ್ಯಗಳಲ್ಲಿ ಮಾತ್ರ ತಯಾರಿಸಬೇಕು. ಭಟ್ಟಿ ಇಳಿಸಿದ ಮೇಲೆ ಹನಿ ನೀರನ್ನೂ ಬೆರೆಸುವಂತಿಲ್ಲ. ಕನಿಷ್ಠ ಮೂರು ತಿಂಗಳು ಬಣ್ಣ, ವಾಸನೆ ಹತ್ತದ ಪಾತ್ರೆಯಲ್ಲಿಡಬೇಕು. ಸಣ್ಣ ಬೆಳೆಗಾರರು ಹಳೆಯ ತಳಿಗಳನ್ನು ಉಳಿಸಿಕೊಳ್ಳಲು ಈ ಕಟ್ಟುಪಾಡು ನೆರವಾಗಿದೆ ಎಂಬುದನ್ನು ಒಪ್ಪಬೇಕು.

ಬಾಟಲಿಗೆ ನೀರು ಬೆರೆಸದಂತೆ ಕಾಯುವ ಕಾನೂನಿಗೆ ಬಳ್ಳಿಯ ಬೇರಿನ ನೀರನ್ನು ಕಾಯಲು ಆಗಿಲ್ಲ. ಇಕಾ ನದಿ ವರ್ಷದಲ್ಲಿ ಕೆಲವೇ ತಿಂಗಳು ಹರಿಯುತ್ತದೆ. ಹಿಂದಿನವರು ಆ ನೀರನ್ನು ಕಾಲುವೆಗಳಲ್ಲಿ ಹಾಯಿಸಿ ತೋಟ ತೋಯಿಸುತ್ತಿದ್ದರು. 1990ರ ದಶಕದಿಂದೀಚೆಗೆ ಶತಾವರಿ ಹಾಗೂ ತಿನ್ನುವ ದ್ರಾಕ್ಷಿಯನ್ನು ಬೆಳೆದು ವಿದೇಶಕ್ಕೆ ಕಳಿಸುವ ದೊಡ್ಡ ಕಂಪನಿಗಳು ಆಳವಾದ ಕೊಳವೆಬಾವಿಗಳನ್ನು ಕೊರೆದವು. ಅಂತರ್ಜಲ ಇಳಿಯಿತು, ಸಣ್ಣ ರೈತರ ಬಾವಿಗಳು ಬತ್ತಿದವು. ಹೊಸ ಬಾವಿಗಳಿಗೆ ನಿಷೇಧ ಬಂದರೂ ಕುಸಿತ ನಿಲ್ಲಲಿಲ್ಲ.

ಕೊರತೆ ತುಂಬಿಸಲು ಕಣ್ಣು ಹೊರಳಿದ್ದು ಬೆಟ್ಟದ ಕಡೆಗೆ. ಆಂಡೀಸ್ ಪರ್ವತದ ಹುವಾಂಕವೆಲಿಕಾ ಪ್ರಾಂತ್ಯದಲ್ಲಿ, 4,000 ಮೀಟರಿಗೂ ಎತ್ತರದಲ್ಲಿ ಚೊಕ್ಲೊಕೊಚಾ ಸರೋವರವಿದೆ. ಅದರ ಸಹಜ ಹರಿವು ಪೂರ್ವಕ್ಕೆ. 1950ರ ದಶಕದಲ್ಲೇ ಅದನ್ನು ಪಶ್ಚಿಮದ ಇಕಾ ಕಡೆಗೆ ತಿರುಗಿಸಲಾಗಿತ್ತು. ಮುಂದೆ ಇನ್ನಷ್ಟು ನೀರು ಸೆಳೆಯುವ ಕಾಲುವೆಯ ಯೋಜನೆ ಬಂದಾಗ, ಅಲ್ಪಾಕಾ ಸಾಕಿ ಬದುಕುವ ಬೆಟ್ಟದ ಜನ ತಮ್ಮ ಜೌಗು ಹುಲ್ಲುಗಾವಲು ಒಣಗುತ್ತದೆಂದು ವಿರೋಧಿಸಿದರು. 2007ರಲ್ಲಿ ಕರ್‌ಹುವಾಂಚೊ ಸಮುದಾಯದ ದೂರು ಲ್ಯಾಟಿನ್ ಅಮೆರಿಕದ ಜಲ ನ್ಯಾಯಮಂಡಳಿಯ ಮುಂದೆ ಬಂತು.

ಇದು ಮಲೆನಾಡಿಗೆ ಹೊಸ ಕಥೆಯೇನಲ್ಲ. ಸಕಲೇಶಪುರದ ಬೆಟ್ಟಸಾಲಿನ ಎತ್ತಿನಹೊಳೆಯ ನೀರನ್ನು ಒಯ್ಯಲು ಹೊರಟಿರುವುದು ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಗೆ. ಅದೂ ದ್ರಾಕ್ಷಿಯ ಸೀಮೆಯೇ. ಬಯಲಿನ ಬಾಯಾರಿಕೆ ಸುಳ್ಳಲ್ಲ. ಆದರೆ ಅಂತರ್ಜಲವನ್ನು ಬರಿದು ಮಾಡಿದ ಕೃಷಿಯನ್ನು ಪ್ರಶ್ನಿಸದೆ ಬೆಟ್ಟದ ಹೊಳೆಯನ್ನು ಕೇಳುವುದು ನ್ಯಾಯವಲ್ಲ.

ಬೆಂಗಳೂರು ನೀಲಿ ದ್ರಾಕ್ಷಿಗೂ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಅಂಥ ಮಾನ್ಯತೆ ಕೊಡುವಾಗ ತಳಿ, ಸ್ಥಳಗಳ ಜೊತೆಗೆ ಆ ಬೆಳೆ ಎಲ್ಲಿಯ ನೀರನ್ನು, ಎಷ್ಟು, ಯಾರ ಒಪ್ಪಿಗೆಯಿಂದ ಬಳಸುತ್ತದೆ ಎಂಬುದನ್ನೂ ಬರೆದಿಡಬೇಕು. ಕೆರೆಯ ಹೂಳೆತ್ತಿ ಮಳೆನೀರು ಹಿಡಿಯುವ ರೈತನಿಗೆ ಆ ಮಾನ್ಯತೆಯ ಮೊದಲ ಲಾಭ ಸಲ್ಲಬೇಕು. ನೀರನ್ನು ಬಿಟ್ಟು ಹೆಸರನ್ನಷ್ಟೇ ಕಾಯ್ದರೆ ಉಳಿಯುವುದು ಬಾಟಲಿಯ ಮೇಲಿನ ಚೀಟಿ ಮಾತ್ರ.